ಗೆರೆ ಎಣಿಸಿ ಹಾಕಿದ ಚೀನಾ ಸಿನಿಮಾ

ಹೊಸದಾಗಿ ಸೇರಿದ ಹುಡುಗರಿಗೆ ಉಪಯೋಗವಾಗುವ ಹಾಗೆ ನಿಮ್ಮ ಅನುಭವ ಬರೆದುಕೊಡಿ ಎಂದು ಕಚೇರಿಯಿಂದ ಫೋನ್ ಬಂದಾಗ ನನಗೆ ನಗು ಬಂತು. ನೌಕರಿಯಲ್ಲಿದ್ದಷ್ಟು ಕಾಲ ಇದೇ ಕಚೇರಿ ನನಗೆ ಹೇಳಿದ್ದು ಒಂದೇ ಮಾತು: ‘ಖಾದರ್, ಜಾಸ್ತಿ ಮಾತಾಡಬ್ಯಾಡ, ಮಷೀನ್ ನೋಡ್ಕೋ.’ ಈಗ ಮಷೀನು ಗುಜರಿಗೆ ಹೋಗಿದೆ, ಮಾತು ಬೇಕಾಗಿದೆ. ಬರೆಯುತ್ತೇನೆ. ಆದರೆ ಇದನ್ನು ಓದಿ ಯಾರೂ ಒಳ್ಳೆಯ ಆಪರೇಟರ್ ಆಗುವುದಿಲ್ಲ. ಆಗೋಣವೆಂದರೆ ಆ ಕೆಲಸವೇ ಈಗ ಇಲ್ಲ.

ನಾನು ಸರ್ಕಾರದ ಪ್ರಚಾರ ವ್ಯಾನಿನಲ್ಲಿ ಸಿನಿಮಾ ಆಪರೇಟರ್ ಆಗಿದ್ದವನು. ಊರು ಹಗರಿಬೊಮ್ಮನಹಳ್ಳಿ. ಅಪ್ಪನಿಗೆ ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಹಾಗಾಗಿ ತಿರುಗುವ ಯಾವ ವಸ್ತುವನ್ನು ಕೊಟ್ಟರೂ ಬಿಚ್ಚುತ್ತಿದ್ದೆ, ಹತ್ತರಲ್ಲಿ ಏಳನ್ನು ಮತ್ತೆ ಜೋಡಿಸುತ್ತಿದ್ದೆ. ಅದನ್ನೇ ಅರ್ಹತೆ ಎಂದು ತಿಳಿದು ಕೆಲಸ ಕೊಟ್ಟರು. ನೌಕರಿಯಲ್ಲಿ ಎರಡು ಸಲ ಬಡ್ತಿ ಸಿಕ್ಕಿತು. ಎರಡೂ ಸಲ ಮೇಲಿನವರೊಬ್ಬರು ನಿವೃತ್ತರಾದದ್ದು ಬಿಟ್ಟರೆ ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ, ಆದ್ದರಿಂದ ಆ ವಿಷಯ ಬಿಡೋಣ.

ನಮ್ಮ ಸರಹದ್ದು ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಮತ್ತು ನಮ್ಮ ಊರಿನ ಸುತ್ತಿನ ಹಳ್ಳಿಗಳು. ವ್ಯಾನು ನಡೆಸುವವನು ನಾಗಪ್ಪ. ಅವನು ನನಗಿಂತ ಎಂಟು ವರ್ಷ ದೊಡ್ಡವನು, ನನ್ನನ್ನು ‘ಲೇ ಸಾಬಣ್ಣ’ ಎಂದೇ ಕರೆಯುತ್ತಿದ್ದ. ಪ್ರೊಜೆಕ್ಟರು, ಪರದೆ, ಜನರೇಟರು, ಒಂದು ಮೈಕು, ಇಷ್ಟು ನಮ್ಮ ಸಂಸಾರ. ಊರ ಶಾಲೆಯ ಮುಂದೆ ಪರದೆ ಕಟ್ಟಿ, ಕತ್ತಲಾದ ಮೇಲೆ ಸರ್ಕಾರ ಕಳಿಸಿದ ಸಿನಿಮಾ ತೋರಿಸುವುದು ಕೆಲಸ. ಎಮ್ಮೆಗೆ ಚುಚ್ಚುಮದ್ದು, ಹೊಗೆಯಿಲ್ಲದ ಒಲೆ, ಮಕ್ಕಳು ಎರಡೇ ಸಾಕು, ಇಂಥವು.

ಈ ಸಿನಿಮಾಗಳಲ್ಲಿ ಅರ್ಧ ಹಿಂದಿಯವು, ಉಳಿದರ್ಧ ಇಂಗ್ಲಿಷಿನವು. ಕನ್ನಡದ್ದು ಬಂದರೆ ಅದರಲ್ಲಿ ದನಿ ಇರುತ್ತಿರಲಿಲ್ಲ. ಆದ್ದರಿಂದ ಆಪರೇಟರೇ ಮೈಕು ಹಿಡಿದು, ಚಿತ್ರ ಓಡುತ್ತಿದ್ದಂತೆ ಪಕ್ಕದಲ್ಲಿ ನಿಂತು ಕಥೆ ಹೇಳಬೇಕು. ಇದನ್ನು ಯಾವ ತರಬೇತಿಯಲ್ಲೂ ಕಲಿಸಲಿಲ್ಲ, ಯಾವ ಆದೇಶದಲ್ಲೂ ಬರೆದಿರಲಿಲ್ಲ. ಹೇಳದಿದ್ದರೆ ಜನ ಎದ್ದು ಹೋಗುತ್ತಿದ್ದರು, ಅಷ್ಟೇ. ನನಗೆ ಹಿಂದಿ ಪೂರಾ ಬರುತ್ತಿತ್ತು, ಇಂಗ್ಲಿಷ್ ಅಂದಾಜಿಗೆ ಬರುತ್ತಿತ್ತು. ಅಂದಾಜು ಸಾಲದ ಕಡೆ ಕೈಯಿಂದ ಹಾಕುತ್ತಿದ್ದೆ. ತೆಲಿಗಿಯಲ್ಲಿ ಒಮ್ಮೆ ಹೊಗೆಯಿಲ್ಲದ ಒಲೆಯ ಸಿನಿಮಾ ಹಾಕಿದಾಗ ಪಂಜಾಬಿನ ಹೆಂಗಸು ಅಷ್ಟುದ್ದ ಅದೇನೋ ಹೇಳಿದಳು. ‘ಅತ್ತಿ ಕಣ್ಣು ಚೊಲೊ ಆಗ್ಯಾವ, ಇನ್ನ ಮ್ಯಾಲೆ ಸೊಸಿ ಮಾಡಿದ್ದೆಲ್ಲ ಕಾಣ್ತೈತಿ, ಅದ್ಕ ಆಕೀಗೆ ಚಿಂತಿ’ ಎಂದೆ. ಮುಂದಿನ ತಿಂಗಳು ಆ ಊರಲ್ಲಿ ಒಲೆ ಹಾಕಿಸಿಕೊಳ್ಳಲು ಅತ್ತೆಯಂದಿರು ಮಾತ್ರ ಮುಂದೆ ಬಂದರಂತೆ. ಸೊಸೆಯರು ಒಬ್ಬರೂ ಒಪ್ಪಲಿಲ್ಲವಂತೆ.

ನಮ್ಮ ಮೇಲಧಿಕಾರಿ ರಾಯರಿಗೆ ಚಪ್ಪಾಳೆಯ ಹುಚ್ಚು. ಪ್ರತಿ ಸಿನಿಮಾ ಮುಗಿದ ಮೇಲೂ ಜನ ಚಪ್ಪಾಳೆ ತಟ್ಟಬೇಕು, ಅದನ್ನು ವರದಿಯಲ್ಲಿ ಬರೆಯಬೇಕು. ತಾವೇ ಬಂದ ದಿನ ಹಿಂದಿನ ಸಾಲಿನಲ್ಲಿ ಕತ್ತಲಲ್ಲಿ ನಿಂತು ಮೊದಲ ಚಪ್ಪಾಳೆ ಹೊಡೆಯುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು, ‘ನೋಡಿದ್ಯಾ, ತಾವಾಗೇ ತಟ್ಟಿದರು’ ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ.

ಅವರ ಎದುರಿಗೇ ಹಂಪಸಾಗರದಲ್ಲಿ ನನ್ನಿಂದ ಒಂದು ತಪ್ಪಾಯಿತು. ಹಿಂದಿನ ದಿನ ರೀಲನ್ನು ಮರಳಿ ಸುತ್ತದೆ ಹಾಗೇ ಡಬ್ಬಿಗೆ ಹಾಕಿ ಮಲಗಿದ್ದೆ. ಮರುದಿನ ಅದನ್ನೇ ಏರಿಸಿದೆ. ಯಾರೋ ಮಂತ್ರಿಗಳು ಸೇತುವೆ ಉದ್ಘಾಟಿಸುವ ಚಿತ್ರ ಅದು. ತಲೆ ಕೆಳಗೆ ಕಾಲು ಮೇಲಾಗಿ ಮಂತ್ರಿಗಳು ಹಿಂದಕ್ಕೆ ನಡೆಯುತ್ತಾ ಬಂದರು. ಕತ್ತರಿಸಿದ್ದ ಟೇಪು ತಾನೇ ಕೂಡಿಕೊಂಡಿತು. ಮಂತ್ರಿಗಳು ಕತ್ತರಿಯನ್ನು ತಟ್ಟೆಗೆ ಹಿಂತಿರುಗಿಸಿ, ಕಾರಿನೊಳಗೆ ಹಿಮ್ಮುಖವಾಗಿ ಹೊಕ್ಕು ಬೆಂಗಳೂರಿಗೆ ಹೊರಟುಹೋದರು. ನನ್ನ ನೌಕರಿಯಲ್ಲಿ ಅಷ್ಟು ಚಪ್ಪಾಳೆ ಮತ್ತೆ ನಾನು ಕೇಳಲಿಲ್ಲ. ರಾಯರು ಕನ್ನಡಕ ಒರೆಸಿಕೊಂಡು, ‘ಜನರ ಪ್ರತಿಕ್ರಿಯೆ ಉತ್ಸಾಹದಾಯಕ’ ಎಂದು ಬರೆದರು. ಅಂದಿನಿಂದ ನನಗೆ ನಾನೇ ಒಂದು ನಿಯಮ ಮಾಡಿಕೊಂಡೆ: ಡಬ್ಬಿಯ ಮೇಲೆ ಬರೆದದ್ದನ್ನು ನಂಬಬಾರದು, ಪ್ರತಿ ರೀಲನ್ನೂ ಬಿಚ್ಚಿ ಅದರ ತುದಿಯನ್ನು ಕಣ್ಣಾರೆ ನೋಡಬೇಕು. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಒಳ್ಳೆಯ ನಿಯಮವೇ ಕಾರಣ.

ವಿಡಿಯೊ ಬಂದ ಹೊಸತು. ನಮ್ಮ ಊರಿನ ಸ್ಟೇಷನ್ ಬಯಲಿನಲ್ಲಿ ಚಂದ್ರವ್ವನ ನಾಟಕ ಕಂಪನಿ ತಗಡಿನ ಥೇಟರು ಹಾಕಿಕೊಂಡು ಕುಳಿತಿತ್ತು. ಚಂದ್ರವ್ವನಿಗೆ ಐವತ್ತರ ಹತ್ತಿರ. ಚಿಕ್ಕಂದಿನಿಂದ ಬಣ್ಣ ಹಚ್ಚಿದವಳು, ಗಂಡ ತೀರಿಕೊಂಡ ಮೇಲೆ ಕಂಪನಿಗೆ ತಾನೇ ಒಡತಿಯಾಗಿ ಇಪ್ಪತ್ತು ಜನರನ್ನು ಸಾಕುತ್ತಿದ್ದಳು. ನಾಯಕಿಯ ಪಾರ್ಟು ಬಿಟ್ಟು ತಾಯಿಯ ಪಾರ್ಟಿಗೆ ಬಂದಿದ್ದಳು. ‘ಕಣ್ಣೀರು ಅವೇ, ಸೀರಿ ಬಣ್ಣ ಬ್ಯಾರೆ’ ಅನ್ನುತ್ತಿದ್ದಳು. ಒಬ್ಬಳೇ ಮಗಳು ಗೌರಿಯನ್ನು ಕಂಪನಿಯ ಗಾಳಿ ಸೋಕದಂತೆ ಹಡಗಲಿಯಲ್ಲಿ ತಂಗಿಯ ಮನೆಯಲ್ಲಿ ಓದಿಸುತ್ತಿದ್ದಳು.

ನಾಟಕಕ್ಕೆ ಜನ ಕಡಿಮೆಯಾಗಿದ್ದರು. ಹರಪನಹಳ್ಳಿಯ ಪಂಪಾಪತಿ ಎಂಬವನು ವಿಡಿಯೊ ಥೇಟರು ಶುರು ಮಾಡಲು ಹೊರಟಿದ್ದ. ಅವನಿಗೆ ಚಂದ್ರವ್ವನ ತಗಡು, ಕುರ್ಚಿ, ಪರದೆ, ಡ್ರೆಸ್ಸಿನ ಟ್ರಂಕು ಎಲ್ಲಾ ಬೇಕಾಗಿತ್ತು. ಟ್ರಂಕಿನ ಬಟ್ಟೆಯನ್ನು ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ, ಕಿಟಕಿಗೆ ಕಟ್ಟುತ್ತೇನೆ, ವಿಡಿಯೊಗೆ ಕತ್ತಲೆ ಚೆನ್ನಾಗಿರಬೇಕು ಎಂದನಂತೆ. ಅವಳು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಕಾಲೇಜಿನ ಶಂಕ್ರಪ್ಪ ಲೆಕ್ಚರರು ಚೀನಾ ಸಿನಿಮಾ ತರಿಸಿದರು. ಅವರು ಹತ್ತಾರು ಜನರನ್ನು ಸೇರಿಸಿ ಒಂದು ಚಿತ್ರ ಸಮಾಜ ಕಟ್ಟಿಕೊಂಡಿದ್ದರು. ಹೊರದೇಶದ ಸಿನಿಮಾ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿತ್ತು, ಪ್ರೊಜೆಕ್ಟರು ನಮ್ಮದು, ಓಡಿಸುವವನು ನಾನು. ಈ ಸಲದ್ದು ನಾಟಕದವರ ಕಥೆ, ದೇಶದಲ್ಲಿ ಕಾಲ ಬದಲಾದಂತೆ ಊರೂರು ತಿರುಗುವ ಒಂದು ಕಂಪನಿಗೆ, ಅದರ ನಾಯಕಿಗೆ ಏನೇನಾಯಿತು ಎಂಬುದು, ಅಷ್ಟು ಮಾತ್ರ ಅವರಿಗೆ ಗೊತ್ತಿತ್ತು. ಚಂದ್ರವ್ವನ ಕಿವಿಗೆ ಇದು ಬಿತ್ತು. ಸೋಮವಾರ ಅವರಿಗೆ ನಾಟಕಕ್ಕೆ ರಜೆ.

‘ನಾಟಕದೋರ ಸಿನಿಮಾ ಅಂತೀರಿ, ಕಾಲೇಜಿನ್ಯಾಗ ಯಾಕ ಹಾಕ್ತೀರಿ? ನಮ್ಮ ಥೇಟರಿನ್ಯಾಗ ಹಾಕ್ರಿ. ನಮ್ಮ ಮಂದೀನೂ ನೋಡ್ತಾರ’ ಎಂದಳು.

‘ಚೀನಾ ಭಾಷಿರೀ ಅಕ್ಕ, ತಿಳಿಯಂಗಿಲ್ಲ’ ಎಂದೆ.

‘ನೀವು ಅದೀರೆಲ್ಲ ಖಾದರಣ್ಣ, ಹೇಳಾಕ. ಒಂದು ಮಾತು ಕೇಳ್ರಿ. ಪಂಪಾಪತಿ ಮಂಗಳವಾರ ಮುಂಜಾನಿ ಲಾರಿ ತರ್ತಾನ, ಹೂಂ ಅಂದ್ರ ತುಂಬಿಕೊಂಡು ಹೋಗ್ತಾನ. ಅದಕ್ಕ ಮೊದಲ ಆ ಚೀನಾದಾಕಿ ಏನು ಮಾಡಿದ್ಲು ನೋಡಬೇಕು ನಾನು.’

ಹೀಗೆ ಒಂದು ಕಂಪನಿಯ ಹಣೆಬರಹ ನನ್ನ ಮೈಕಿನ ಬಾಯಿಗೆ ಬಂದು ನಿಂತಿತು. ಅದರ ಗಾಂಭೀರ್ಯ ನನಗೆ ಆಗ ಹೊಳೆಯಲಿಲ್ಲ. ಥೇಟರಿನಲ್ಲಿ ಒಳ್ಳೆಯ ಚಹಾ ಸಿಗುತ್ತದೆ ಎಂದು ಒಪ್ಪಿಕೊಂಡೆ.

ಸೋಮವಾರ ಸಂಜೆ ಡಬ್ಬಿ ಬಿಚ್ಚಿದೆ. ಆರು ರೀಲು. ಡಬ್ಬಿಗಳ ಮೇಲೆ ಒಂದರಿಂದ ಆರರವರೆಗೆ ಯಾರೋ ಮಸಿಯಲ್ಲಿ ಬರೆದಿದ್ದರು. ಕಥೆಯ ಸಾರಾಂಶವಿದ್ದ ಇಂಗ್ಲಿಷ್ ಹಾಳೆಯೊಂದು ಜೊತೆಗೆ ಬಂದಿರಬೇಕು, ಅದನ್ನು ಓದಿ ಲೆಕ್ಚರರು ನನಗೆ ಹೇಳುವುದು ವಾಡಿಕೆ. ಅವತ್ತು ಹಾಳೆ ಸಿಗಲಿಲ್ಲ. ಲೆಕ್ಚರರಂತೂ ಬೆಳಿಗ್ಗೆಯೇ ದವಡೆ ಹಲ್ಲು ಕೀಳಿಸಿಕೊಂಡು ಬಾಯಿ ತುಂಬ ಹತ್ತಿ ತುಂಬಿಕೊಂಡು ಬಂದಿದ್ದರು. ಏನು ಕೇಳಿದರೂ ಕಣ್ಣು ಮಾತ್ರ ಬಿಡುತ್ತಿದ್ದರು.

ನಿಯಮದ ಪ್ರಕಾರ ಡಬ್ಬಿ ನಂಬದೆ ರೀಲಿನ ತುದಿ ನೋಡಿದೆ. ಅಲ್ಲಿ ಚೀನಾದ ಅಂಕಿಗಳಿದ್ದವು. ಮೊದಲನೆಯದಕ್ಕೆ ಒಂದು ಅಡ್ಡಗೆರೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ನನಗೆ ಖುಷಿಯಾಯಿತು.

‘ಲೇ ನಾಗಪ್ಪ, ಚೀನಾ ಲೆಕ್ಕ ಭಾಳ ಸರಳ ಐತಲೇ. ಎಷ್ಟು ಗೆರಿ ಅದಾವೋ ಅಷ್ಟನೇ ರೀಲು’ ಎಂದೆ.

ನಾಲ್ಕನೆಯ ಡಬ್ಬಿ ತೆರೆದೆ. ಅದರೊಳಗಿನ ಅಂಕಿ ಒಂದು ಚೌಕ, ಅದರೊಳಗೆ ಎರಡು ಕಾಲು. ಚೌಕಕ್ಕೆ ನಾಲ್ಕು ಗೆರೆ, ಕಾಲಿಗೆ ಎರಡು, ಒಟ್ಟು ಆರು. ಆರನೆಯ ಡಬ್ಬಿ ತೆರೆದೆ. ಮೇಲೊಂದು ಚುಕ್ಕೆ, ಕೆಳಗೊಂದು ಅಡ್ಡಗೆರೆ, ಅದರ ಕೆಳಗೆ ಅಗಲಿಸಿ ನಿಂತ ಎರಡು ಕಾಲು. ಒಟ್ಟು ನಾಲ್ಕು. ಐದನೆಯದನ್ನು ನೋಡಿದರೆ ಕುರ್ಚಿಯಂಥ ಆಕಾರ, ಎಣಿಸಿದರೆ ಸರಿಯಾಗಿ ಐದು ಗೆರೆ.

‘ನೋಡಲೇ, ಐದಕ್ಕ ಐದು ಸರಿ ಬಂತು. ನಾಕು, ಆರು ಅಷ್ಟ ಅದಲುಬದಲು ಆಗ್ಯಾವ. ಬೆಂಗಳೂರಿನ ಮಂದಿಗೆ ಎಣಿಸಾಕ ಬರಂಗಿಲ್ಲ.’

ನಾಗಪ್ಪ ತಾನೂ ಬೆರಳು ಇಟ್ಟು ಎಣಿಸಿದ. ‘ಖರೇ ಐತಿ ಸಾಬಣ್ಣ. ನೀನು ಇಲ್ದಿದ್ರ ಇವತ್ತು ಮರ್ಯಾದಿ ಹೋಗ್ತಿತ್ತು’ ಎಂದ. ಲೆಕ್ಚರರೂ ಬಗ್ಗಿ ನೋಡಿ ತಲೆ ಆಡಿಸಿದರು. ಅವರು ನೋವಿಗೆ ತಲೆ ಆಡಿಸಿದ್ದು ಎಂದು ಬಹಳ ದಿನದ ಮೇಲೆ ತಿಳಿಯಿತು. ಹೀಗೆ ಮೂರು ಜನ ಸೇರಿ, ಸರಿಯಾಗಿದ್ದ ಡಬ್ಬಿಗಳನ್ನು ತಿದ್ದಿದೆವು.

ಥೇಟರು ತುಂಬಿತ್ತು. ಚೀನಾದವರು ಹೇಗಿರುತ್ತಾರೆ ನೋಡೋಣ ಎಂದು ಅರ್ಧ ಊರೇ ಬಂದಿತ್ತು. ಮುಂದಿನ ಸಾಲಿನಲ್ಲಿ ಕಂಪನಿಯವರು, ನಡುವೆ ಚಂದ್ರವ್ವ. ಅವಳು ತೊಡೆಯ ಮೇಲೆ ಕೈಯಿಟ್ಟುಕೊಂಡು, ನಾಟಕದಲ್ಲಿ ತನ್ನ ಪಾರ್ಟು ಬರುವುದನ್ನು ಕಾಯುವವಳ ಹಾಗೆ ಕುಳಿತಿದ್ದಳು.

ಮೊದಲ ಮೂರು ರೀಲು ಸುಖವಾಗಿ ಓಡಿದವು. ಒಂದು ಕಂಪನಿ ದೋಣಿಯಲ್ಲಿ ಟ್ರಂಕು ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತದೆ. ಕೆಂಪು ರೇಷ್ಮೆಯ ನಿಲುವಂಗಿ ತೊಟ್ಟು ಹಾಡುವ ಹುಡುಗಿಯೊಬ್ಬಳು, ಅವಳ ಜೊತೆಗೆ ರಾಜನ ಪಾರ್ಟಿನ ಹುಡುಗ. ಮುದುಕ ಗುರು ಸಾಯುತ್ತಾನೆ, ಯುದ್ಧ ಬರುತ್ತದೆ, ಕಂಪನಿಯವರು ಟ್ರಂಕು ಹೊತ್ತು ಕೆಸರಲ್ಲಿ ನಡೆಯುತ್ತಾರೆ. ನನಗೆ ಒಂದಕ್ಷರ ತಿಳಿಯದಿದ್ದರೂ ಹೇಳಲು ಕಷ್ಟವಾಗಲಿಲ್ಲ. ಹಸಿವು ತೋರಿಸಿದಾಗ ಹಸಿವು ಎಂದೆ, ಅತ್ತಾಗ ಅಳುತ್ತಿದ್ದಾರೆ ಎಂದೆ. ಟ್ರಂಕು ಹೊತ್ತವನ ಕಾಲು ಜಾರಿದಾಗ ಕಂಪನಿಯ ಹಾರ್ಮೋನಿಯಂ ಮಾಸ್ತರು ಎದ್ದು ನಿಂತು, ‘ನೋಡಪ, ಚೀನಾದಾಗೂ ಟ್ರಂಕು ಹೊರಾವ ನಮ್ಮಂಥಾವನ’ ಎಂದರು. ಚಂದ್ರವ್ವ ಅವರನ್ನು ಕೈ ಹಿಡಿದು ಕೂರಿಸಿದಳು.

ಆಮೇಲೆ ನಾನು ತಿದ್ದಿದ ನಾಲ್ಕನೆಯ ರೀಲು ಏರಿಸಿದೆ. ಶುರುವಾಗುತ್ತಲೇ ಕೂದಲು ಬೆಳ್ಳಗಾದ ಮುದುಕಿಯೊಬ್ಬಳು ಥೇಟರಿನ ಮುಂದೆ ಬೀದಿ ಗುಡಿಸುತ್ತಿದ್ದಳು. ನಾನು ತಬ್ಬಿಬ್ಬಾದೆ, ಆದರೆ ಮೈಕು ಹಿಡಿದವನು ತಬ್ಬಿಬ್ಬಾದದ್ದನ್ನು ತೋರಿಸಬಾರದು. ‘ಭಾಳ ವರ್ಷ ಆತು. ಕೆಂಪಂಗಿ ಹುಡುಗಿ ಮುದುಕಿ ಆಗ್ಯಾಳ’ ಎಂದೆ. ರಾಜನ ಪಾರ್ಟಿನವನೂ ಮುದುಕನಾಗಿ ಬಂದ. ಇಬ್ಬರೂ ಖಾಲಿ ಥೇಟರಿನ ಮೆಟ್ಟಿಲ ಮೇಲೆ ಕುಳಿತರು. ಮುದುಕಿ ಒಂದು ಗಂಟು ಬಿಚ್ಚಿ ಆ ಕೆಂಪು ನಿಲುವಂಗಿಯನ್ನು ತೆಗೆದು ತೊಡೆಯ ಮೇಲೆ ಹರವಿದಳು, ಮೆಲ್ಲಗೆ ಹಾಡಿದಳು. ಸಂಗೀತ ಜೋರಾಯಿತು, ಪರದೆಯ ತುಂಬ ಎರಡು ದೊಡ್ಡ ಚೀನಾ ಅಕ್ಷರ ಬಂದು ನಿಂತವು.

‘ವಿಶ್ರಾಂತಿ’ ಎಂದು ಮೈಕಿನಲ್ಲಿ ಸಾರಿದೆ.

ಜನ ಎದ್ದು ಚಹಾ ಕುಡಿದರು. ನಾನೂ ಕುಡಿದೆ. ಚಿತ್ರದ ಸಮಾಪ್ತಿಯನ್ನು ವಿಶ್ರಾಂತಿ ಎಂದು ಘೋಷಿಸಿ ಚಹಾ ಕುಡಿದ ಆಪರೇಟರು ಈ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ಐದನೆಯ ರೀಲಿನಲ್ಲಿ ಅವಳು ಮತ್ತೆ ನಡುವಯಸ್ಸಿನವಳಾಗಿದ್ದಳು. ಕ್ಷಣ ಯೋಚಿಸಿ, ‘ಮುದುಕಿ ಹಳೇದು ನೆನಸಾಕತ್ತಾಳ’ ಎಂದೆ. ಎಲ್ಲೋ ಮೇಲಿನಿಂದ ಹುಕುಂ ಬರುತ್ತದೆ, ಹಳೆಯ ನಾಟಕ ಆಡಬಾರದು. ಹುಡುಗರು ಬಂದು ಟ್ರಂಕುಗಳನ್ನು ಅಂಗಳಕ್ಕೆ ಎಳೆದು ಬಟ್ಟೆಗೆಲ್ಲ ಬೆಂಕಿ ಹಚ್ಚುತ್ತಾರೆ. ಅವಳು ಓಡಿ ಬಂದು ಬೆಂಕಿಯಿಂದ ಕೆಂಪು ನಿಲುವಂಗಿಯನ್ನು ಎಳೆದುಕೊಂಡು ಸೆರಗಿನಲ್ಲಿ ಬಚ್ಚಿಡುವಂತೆ ತೊಟ್ಟ ಅಂಗಿಯೊಳಗೆ ಬಚ್ಚಿಡುತ್ತಾಳೆ. ಇಲ್ಲಿ ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಕಂಪನಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಬಟ್ಟೆ ಸುಡುವುದನ್ನು ನೋಡಲಾರದೆ ಹಾರ್ಮೋನಿಯಂ ಮಾಸ್ತರು ಎದ್ದು ಹೊರಗೆ ಹೋದರು.

ಕೊನೆಯ ರೀಲು ಏರಿಸಿದೆ. ಪರದೆಯ ಮೇಲೆ ಅದೇ ಹುಡುಗಿ, ಕೂದಲು ಕರ್ರಗೆ, ಮುಖ ನುಣ್ಣಗೆ. ಬಾವುಟ ಹಾರುತ್ತಿದ್ದವು, ಹೊಸ ಥೇಟರು ಕಟ್ಟಿದ್ದರು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಮುದುಕಿ ಹರೆಯದವಳಾಗಿದ್ದಳು. ಇನ್ನೂರು ಜನ ನನ್ನ ಕಡೆ ತಿರುಗಿ ನೋಡಿದರು. ಲೆಕ್ಚರರು ಕೆನ್ನೆ ಹಿಡಿದುಕೊಂಡು ಊಂ ಊಂ ಎಂದರು.

‘ಇವಳು’ ಎಂದೆ, ‘ಆಕೀ ಮಗಳು.’

ಥೇಟರು ನಿರಾಳವಾಯಿತು. ಮುಂದಿನದು ಸಲೀಸು. ‘ಮುಖ ತಾಯೀದ, ದನಿ ತಾಯೀದ. ತಾಯಿ ಬಚ್ಚಿಟ್ಟ ಅಂಗಿ ಮಗಳು ಹಾಕ್ಕೊಂಡಾಳ ನೋಡ್ರಿ. ಬಿದ್ದ ಕಂಪನಿ ಎಬ್ಬಿಸ್ಯಾಳ.’ ನಡುವೆ ಕಂಪನಿಯವರು ಟ್ರ್ಯಾಕ್ಟರಿನ ಮುಂದೆ ನಿಂತು ಅದರ ಗುಣಗಾನ ಮಾಡುವ ಹಾಡೊಂದು ಬಂತು. ನಮ್ಮ ಇಲಾಖೆಯವರೂ ಚಂದ್ರವ್ವನಿಂದ ಎರಡು ಅಂಕಗಳ ನಡುವೆ ಗೊಬ್ಬರದ ಮೇಲೊಂದು ಹಾಡು ಹಾಡಿಸಿದ್ದರು, ಅದು ನೆನಪಾಗಿ ಕಂಪನಿಯವರೆಲ್ಲ ಒಬ್ಬರನ್ನೊಬ್ಬರು ನೋಡಿ ನಕ್ಕರು. ಕಡೆಗೆ ಕೆಂಪಂಗಿಯವಳು ತುಂಬಿದ ಥೇಟರಿಗೆ ಬಾಗಿ ನಮಸ್ಕಾರ ಮಾಡಿದಳು. ರೀಲು ಅಲ್ಲಿಗೇ ಪಟ್ಟನೆ ಮುಗಿದು ಪರದೆ ಬೆಳ್ಳಗಾಯಿತು. ಸಮಾಪ್ತಿ ಎಂಬ ಅಕ್ಷರ ಬರಲಿಲ್ಲ. ‘ಚೀನಾದೋರು ಅಕ್ಷರ ಹಾಕಂಗಿಲ್ಲ. ಮುಗೀತು’ ಎಂದೆ.

ಚಪ್ಪಾಳೆ ಬಿತ್ತು. ರಾಯರು ಊರಲ್ಲಿರಲಿಲ್ಲ, ಹಾಗಾಗಿ ಈ ಚಪ್ಪಾಳೆ ಖಂಡಿತವಾಗಿ ಜನರದೇ. ವರದಿಯಲ್ಲಿ ‘ವಿಷಯ: ತಾಯಿಯಿಂದ ಮಗಳಿಗೆ ಕಲೆ’ ಎಂದು ಬರೆದೆ.

ಮರುದಿನ ಬೆಳಿಗ್ಗೆ ಪಂಪಾಪತಿ ಲಾರಿ ತಂದ. ಚಂದ್ರವ್ವ ಅವನಿಗೆ ಚಹಾ ಕೊಟ್ಟು, ‘ಮಾರಂಗಿಲ್ಲಪ’ ಎಂದಳಂತೆ. ಅವನು ಬರಿಗೈಯಲ್ಲಿ ಹೋಗುವಾಗ ನಮ್ಮ ಪಂಪ್‌ಸೆಟ್ ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ಕೆಳಗಿಳಿದ. ‘ಏನ್ರಿ ಸಾಬ್ರೆ, ಅದೇನ್ ಸಿನಿಮಾ ತೋರಿಸಿದ್ರಿ ನೀವು? ನಿನ್ನೆವರೆಗೂ ಸುಮ್ನಿದ್ರು, ಇವತ್ತು ಒಂದೇ ಮಾತಿಗೆ ಇಲ್ಲ ಅಂದುಬಿಟ್ರಲ್ರಿ’ ಎಂದ. ನಾನು ಬಹಳ ಹೆಮ್ಮೆಯಿಂದ ಮೀಸೆ ತಿರುವಿದೆ.

ಆ ಹೆಮ್ಮೆ ಸರಿಯಾಗಿ ಒಂದು ವರ್ಷ ಬಾಳಿತು. ಮುಂದಿನ ಬೇಸಿಗೆಯಲ್ಲಿ ಪ್ರೊಜೆಕ್ಟರಿನ ಸ್ಟ್ಯಾಂಡಿಗೆ ಬಣ್ಣ ಹಚ್ಚಲು ಬಿಚ್ಚಿದಾಗ ಒಂದು ಕಾಲಿನ ರಬ್ಬರ್ ಬುಡದೊಳಗೆ ಮಡಚಿ ಮಡಚಿ ಇಟ್ಟ ಕಾಗದ ಸಿಕ್ಕಿತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆ.

‘ನಾನ ಇಟ್ಟಿದ್ದೆ. ನಾಟಕದ ಥೇಟರಿನ್ಯಾಗ ನೆಲ ತಗ್ಗಿತ್ತು, ಸ್ಟ್ಯಾಂಡು ಅಳ್ಳಾಡತಿತ್ತು. ಡಬ್ಬಿ ಮ್ಯಾಲೆ ಇತ್ತು ಆ ಕಾಗದ’ ಎಂದು ನಾಗಪ್ಪ ಒಂದಿಷ್ಟೂ ಅಳುಕಿಲ್ಲದೆ ಹೇಳಿದ.

ಹಾಳೆಯನ್ನು ಲೆಕ್ಚರರ ಹತ್ತಿರ ಒಯ್ದೆ. ಹಲ್ಲು ಹೋದರೂ ಈಗ ಅವರಿಗೆ ಬಾಯಿ ಬಂದಿತ್ತು. ಓದಿ ಕನ್ನಡದಲ್ಲಿ ಹೇಳಿದರು. ಚಿತ್ರದಲ್ಲಿ ಮಗಳೇ ಇಲ್ಲ. ಯುದ್ಧದ ನಂತರ ಹೊಸ ಸರ್ಕಾರ ಬಂದು ಕಂಪನಿಗೆ ಥೇಟರು ಕಟ್ಟಿಕೊಡುತ್ತದೆ, ತುಂಬಿದ ಥೇಟರಿನಲ್ಲಿ ಅವಳು ಹಾಡುತ್ತಾಳೆ. ಆಮೇಲೆ ಕಾಲ ತಿರುಗಿ ಬಟ್ಟೆ ಸುಡುತ್ತಾರೆ. ಕೊನೆಗೆ ಅವಳು ಮುದುಕಿಯಾಗಿ ಅದೇ ಥೇಟರಿನ ಮುಂದೆ ಬೀದಿ ಗುಡಿಸುತ್ತಾಳೆ. ನಾನು ಕಥೆಯನ್ನು ಹಿಂದುಮುಂದು ಮಾಡಿ, ಕಸಬರಿಗೆಯನ್ನು ನಡುವೆ ಹಾಕಿ, ಚಪ್ಪಾಳೆಯನ್ನು ಕೊನೆಗೆ ಇಟ್ಟಿದ್ದೆ.

ಲೆಕ್ಚರರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಆ ವರ್ಷ ಚಂದ್ರವ್ವನ ಕಂಪನಿ ಪಟ್ಟ ಪಾಡು ನನಗೆ ಗೊತ್ತಿತ್ತು. ಕೂಡ್ಲಿಗಿಯಲ್ಲಿ ಗಾಳಿಗೆ ತಗಡು ಹಾರಿಹೋಗಿ ಹದಿನೈದು ದಿನ ನಾಟಕವಿಲ್ಲದೆ ಕುಳಿತಿದ್ದರು. ನಾಯಕನ ಪಾರ್ಟಿನವನು ಬಿಟ್ಟುಹೋಗಿದ್ದ, ಹಾರ್ಮೋನಿಯಂ ಮಾಸ್ತರು ಹಾಸಿಗೆ ಹಿಡಿದಿದ್ದರು. ನನ್ನ ಬಾಯಿಂದ ಬಂದ ಒಂದು ಸುಳ್ಳನ್ನು ನಂಬಿ ಆ ಹೆಂಗಸು ಇಪ್ಪತ್ತು ಜನರನ್ನು ಕಟ್ಟಿಕೊಂಡು ಮುಳುಗುತ್ತಿದ್ದಾಳೆ ಎನಿಸಿತು. ಅದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿತ್ತು. ಮಗಳು ಕಂಪನಿ ಎಬ್ಬಿಸಿದಳು ಎಂದು ಹೇಳಿದ್ದೆನಲ್ಲ, ಓದುತ್ತಿದ್ದ ಗೌರಿಯನ್ನು ಬಿಡಿಸಿ ಕರೆತಂದರೆ ಏನು ಗತಿ? ಎರಡು ದಿನ ಊಟ ಸೇರಲಿಲ್ಲ. ಮನೆಯಲ್ಲಿ ಜ್ವರ ಎಂದುಕೊಂಡರು.

ಕಂಪನಿ ಆಗ ಕೊಟ್ಟೂರಿನಲ್ಲಿತ್ತು. ಭಾನುವಾರ ಬಸ್ ಹತ್ತಿ ಹೋದೆ. ಮಧ್ಯಾಹ್ನದ ಹೊತ್ತು. ಚಂದ್ರವ್ವ ಥೇಟರಿನ ಹಿಂದೆ ನೆಲದ ಮೇಲೆ ಕುಳಿತು, ಟ್ರಂಕಿನ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹರವಿ, ಜರಿ ಕಿತ್ತ ಕಡೆ ಸೂಜಿ ಹಾಕುತ್ತಿದ್ದಳು. ನನ್ನನ್ನು ನೋಡಿ ಮಣೆ ಸರಿಸಿದಳು. ನಾನು ಕೂರದೆ, ಹೇಳುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಗೆರೆ ಎಣಿಸಿದ್ದು, ಕಾಗದ ಕಾಲಡಿ ಹೋದದ್ದು, ಮಗಳು ಸುಳ್ಳು, ವಿಶ್ರಾಂತಿ ಸುಳ್ಳು, ಎಲ್ಲಾ.

ಅವಳು ಸೂಜಿಗೆ ದಾರ ಪೋಣಿಸಿದಳು. ‘ಮಗಳು ಸುಳ್ಳು ಅಂತ ನಂಗ ಗೊತ್ತಿತ್ತು’ ಎಂದಳು.

‘ಯಾವಾಗ?’

‘ಅಲ್ಲೇ ಕುಂತಾಗ. ಖಾದರಣ್ಣ, ನಾನು ಹದಿನಾಕು ವರ್ಷದಾಕಿ ಇದ್ದಾಗಿಂದ ಡ್ರೆಸ್ಸಿನ ಟ್ರಂಕು ಕಾಯಾಕತ್ತೀನಿ. ಆಕಿ ಬೆಂಕ್ಯಾಗಿಂದ ಅಂಗಿ ಎಳಕೊಂಡಾಗ ಬಲಗೈ ತೋಳು ಸುಟ್ಟಿತ್ತು. ಮುದುಕಿ ತೊಡಿಮ್ಯಾಲೆ ಹರವಿದ್ದೂ ಅದ ಸುಟ್ಟ ತೋಳು. ಕಡೀಕ ನಿಮ್ಮ ಮಗಳು ಬಂದು ಕೈ ಎತ್ತಿದಾಗ ತೋಳು ನೆಟ್ಟಗಿತ್ತು. ಸುಟ್ಟ ತೂತು ತಾನ ಮುಚ್ಚಿಕೊಳ್ತೈತೇನು?’

‘ಹೊಲಿದಿರಬೇಕು ಅಂತ…’

‘ರೇಷ್ಮಿಮ್ಯಾಲೆ ತ್ಯಾಪಿ ಹಾಕಿದ್ರ ದೀಪದ ಬೆಳಕಿಗೆ ಎದ್ದು ಕಾಣತೈತಿ. ಈಗ ಏನು ಮಾಡಾಕತ್ತೀನಿ ನಾನು, ನೋಡ್ರಿ.’ ಕೈಯಲ್ಲಿದ್ದ ಕುಪ್ಪಸದ ತೋಳನ್ನು ಎತ್ತಿ ತೋರಿಸಿದಳು. ಬಿಸಿಲಿಗೆ ತೇಪೆ ನಿಜವಾಗಿಯೂ ಎದ್ದು ಕಾಣುತ್ತಿತ್ತು. ‘ತ್ಯಾಪಿ ಇರಲಿಲ್ಲ ಅಂದ್ರ ಅದು ಬೆಂಕಿಗಿಂತ ಮೊದಲಿಂದು, ಕಡೀದು ಕಸಬರಿಗೀನ’ ಎಂದಳು.

ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು. ‘ಗೊತ್ತಿದ್ರ ಅವತ್ತ ಹೇಳಬೇಕಿಲ್ಲೇನಕ್ಕ? ಇನ್ನೂರು ಮಂದಿ ಮುಂದ ನಾನು ಹುಚ್ಚನಂಗ ಒದರಾಕತ್ತಿದ್ದೆ.’

‘ಮಾತು ಮರತಾವನ್ನ ಕಂಡು ನಾವು ಬಾಯಿ ಬಿಡಂಗಿಲ್ಲ. ಅವನು ಏನು ಹೇಳ್ತಾನೋ ಅದಕ್ಕ ಹೊಂದಿಕೊಂಡು ಹೋಗಬೇಕು. ಅಷ್ಟು ಕಲಿಸ್ಯಾರ ನಮಗ. ಮತ್ತ ಚೊಲೊನೂ ಹೇಳಿದ್ರಿ ಬಿಡ್ರಿ.’

‘ಗೌರಿ?’

‘ಆಕೀನ್ಯಾಕ ಕರಕೊಂಡು ಬರ್ಲಿ? ಹಡಗಲ್ಯಾಗ ಓದಾಕತ್ತಾಳ. ಟೀಚರ್ ಆಗ್ತಾಳಂತ. ಮಕ್ಕಳ ಮುಂದ ದಿನಾ ಪಾರ್ಟು ಮಾಡ್ಲಿ, ಸಂಬಳ ಬರತೈತಿ.’

ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇತ್ತು. ಮಣೆಯ ಮೇಲೆ ಕುಳಿತು ಕೇಳಿದೆ, ‘ಕಡೀಕ ಕಸಬರಿಗಿನ ಅಂತ ಗೊತ್ತಾದ ಮ್ಯಾಲೂ ಪಂಪಾಪತೀಗೆ ಯಾಕ ಬ್ಯಾಡ ಅಂದ್ರಿ?’

ಅವಳು ಹಲ್ಲಿನಿಂದ ದಾರ ಕಡಿದಳು. ‘ಅದು ಗೊತ್ತಾದದ್ದಕ್ಕ ಬ್ಯಾಡ ಅಂದೆ. ಅಲ್ಲೀತನಕ ನಾನು ಏನು ತಿಳಕೊಂಡಿದ್ದೆ ಗೊತ್ತೇನು? ಈಗ ಮಾರಿಬಿಟ್ರ ಕಡೀಕ ಬೀದಿಗೆ ಬೀಳೂದೊಂದು ತಪ್ಪತೈತಿ ಅಂತ. ಆಕಿ ನೋಡ್ರಿ, ಅಷ್ಟು ದೊಡ್ಡ ಥೇಟರು ತುಂಬಿಸಿದಾಕಿ, ಸರ್ಕಾರದೋರು ಮುಂದ ನಿಂತು ಕಟ್ಟಿಸಿಕೊಟ್ಟಿದ್ದು. ಆಕೀಗೇ ತಪ್ಪಲಿಲ್ಲ. ನಂಗೆಲ್ಲಿ ತಪ್ಪತೈತಿ? ಹೆಂಗೂ ಕಡೀಕ ಕಸ ಹೊಡಿಯೂದು ಇದ್ದದ್ದ ಅಂದಮ್ಯಾಲೆ ಇವತ್ತ ಯಾಕ ಶುರು ಮಾಡ್ಲಿ?’

ಅವಳು ತೇಪೆ ಹಾಕಿದ ಬಟ್ಟೆಯನ್ನು ಕೊಡವಿ ಮಡಚಿ, ‘ಬಂದೀರಿ ಅಂದಮ್ಯಾಲೆ ಒಂದು ಕೆಲಸ ಮಾಡಿಕೊಟ್ಟು ಹೋಗ್ರಿ. ನಮ್ಮ ಮೈಕು ಗೊರಗೊರ ಅನ್ನಾಕತ್ತೈತಿ’ ಎಂದಳು.

ಮೈಕು ಬಿಚ್ಚಿದೆ. ಒಳಗೊಂದು ತಂತಿ ಸಡಿಲಾಗಿತ್ತು. ಅದನ್ನು ಬೆಸೆಯಲು ಸಂಜೆಯಾಯಿತು, ಕೊನೆಯ ಬಸ್ಸು ತಪ್ಪಿತು. ಹಾಗಾಗಿ ನಾಟಕಕ್ಕೆ ಕುಳಿತೆ. ಅವತ್ತು ನಾಯಕಿಗೆ ಮೈಯಲ್ಲಿ ಹುಷಾರಿರಲಿಲ್ಲ. ಐವತ್ತು ದಾಟಿದ ಚಂದ್ರವ್ವ ತಾಯಿಯ ಸೀರೆ ಬಿಟ್ಟು ಕೆಂಪು ಜರಿಯ ಸೀರೆ ಉಟ್ಟು, ಹದಿನೆಂಟರ ಹುಡುಗಿಯಾಗಿ ಬಂದಳು. ಮೊದಲು ಜನ ನಕ್ಕರು. ಅವಳೂ ಅವರ ಜೊತೆ ನಕ್ಕಳು, ಆಮೇಲೆ ಹಾಡು ಎತ್ತಿಕೊಂಡಳು. ಕುಪ್ಪಸದ ತೋಳಿನ ತೇಪೆ ನನಗೆ ಕಂಡಿತು, ಬೇರೆಯವರಿಗೆ ಕಂಡಿರಲಿಕ್ಕಿಲ್ಲ. ಹಾಡು ಮುಗಿಯುವ ಹೊತ್ತಿಗೆ ಥೇಟರಿನಲ್ಲಿ ಯಾರೂ ನಗುತ್ತಿರಲಿಲ್ಲ. ಕುರ್ಚಿ ಅರ್ಧ ಖಾಲಿಯೇ ಇದ್ದವು. ಅವಳು ಮುಂದೆ ಬಂದು, ಖಾಲಿ ಕುರ್ಚಿಗಳನ್ನೂ ಸೇರಿಸಿ ಎಲ್ಲರಿಗೂ ಬಾಗಿ ನಮಸ್ಕಾರ ಮಾಡಿದಳು.

ಅದು ಎಷ್ಟನೆಯ ರೀಲು ಎಂದು ನಾನು ಎಣಿಸಲಿಲ್ಲ.